ಹದಿನಾರನೇ ಮಗು

ಮನುಷ್ಯನನ್ನು ಮುಖ ನೋಡಿ ಅಳೆಯಬಾರದು ಎಂದು ತಿಳಿದವರು ಹೇಳುತ್ತಾರೆ. ನಾನು ಹಾಗೆ ಯಾವತ್ತೂ ಅಳೆದವನಲ್ಲ. ಇಪ್ಪತ್ತೆರಡು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಗಾಜಿನ ಮೇಲೆ ಬೋರಲು ಮಲಗಿದ ಅಂಕಪಟ್ಟಿ ನೋಡಿಯೇ ಜನರನ್ನು ಅಳೆಯುತ್ತೇನೆ. ನಮ್ಮ ಬೀದಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡುವ ಎಷ್ಟೋ ಮಹನೀಯರು ಗಣಿತದಲ್ಲಿ ಮೂವತ್ತೈದಕ್ಕೆ ಬಂದು ಕೈಮುಗಿದು ನಿಂತವರು ಎಂಬುದು ನನಗೂ ನನ್ನ ಮಿಷಿನ್ನಿಗೂ ಮಾತ್ರ ಗೊತ್ತು. ಮಿಷಿನ್ನಿಗೆ ಒಂದೇ ಒಂದು ದೋಷ: ಹಾಳೆಯ ಕೊನೆಯ ಎರಡು ಸಾಲು ಮಸುಕಾಗಿ ಬೀಳುತ್ತವೆ. ಅಲ್ಲಿ ಮುಖ್ಯವಾದದ್ದೇನೂ ಇರುವುದಿಲ್ಲ ಎಂದು ಗಿರಾಕಿಗಳಿಗೆ ಸಮಾಧಾನ ಹೇಳಿ ಕಳಿಸುತ್ತಾ ಬಂದಿದ್ದೇನೆ.

ನನ್ನದೇ ಪ್ರಮಾಣಪತ್ರದ ಮಾತು ಬೇರೆ. ನಾನು ಬಿ.ಕಾಂ., ಎರಡನೇ ದರ್ಜೆ. ಅದರ ಒಂದು ಪ್ರತಿ ಅತ್ತೆಯ ಮನೆಯ ನಡುಮನೆಯಲ್ಲಿ ಚೌಕಟ್ಟಿನೊಳಗೆ ತೂಗುತ್ತಿತ್ತು. ತೂಗುಹಾಕಿಸಿದ್ದು ಅತ್ತೆಯೇ; ನಾನು ಪ್ರತಿ ಮಾಡಿ, ಚೌಕಟ್ಟು ಹಾಕಿಸಿ, ಮೊಳೆ ಹೊಡೆದು ಕೊಟ್ಟೆ, ಅಷ್ಟೆ. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಗಂಡ ನಾನು. ಚಿಕ್ಕವಳ ಗಂಡ, ಅಂದರೆ ನನ್ನ ಷಡ್ಡಕ, ಒಂದು ನರ್ಸರಿ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಶಾಲೆಯ ಮಕ್ಕಳು ಅವನನ್ನು ವ್ಯಾನ್ ಮಾಮ ಎನ್ನುತ್ತಿದ್ದವು. ಅತ್ತೆ ಮಾತ್ರ ಮದುವೆಯಾದ ದಿನದಿಂದಲೂ ಅವನನ್ನು 'ಡ್ರೈವರ್' ಎಂದೇ ಕರೆಯುತ್ತಿದ್ದರು. ಎಲ್ಲರೂ ಊಟಕ್ಕೆ ಕೂತಾಗ ನನ್ನ ಚೌಕಟ್ಟಿನ ಕಡೆ ಗದ್ದ ಎತ್ತಿ, "ನೋಡು ಡ್ರೈವರ್, ಓದ್ಕೊಂಡಿದ್ರೆ ನಿಂದೂ ಒಂದು ಅಲ್ಲಿರ್ತಿತ್ತು" ಎನ್ನುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸಿ, ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದೆ.

ಹೀಗಿರುವಾಗ ವ್ಯಾನು ಮುದಿಯಾಯಿತು. ಅದಕ್ಕೆ ಓಡುವ ಯೋಗ್ಯತೆ ಇದೆ ಎಂಬ ಪ್ರಮಾಣಪತ್ರ ಸಿಗಲಿಲ್ಲ, ಗುಜರಿಗೆ ಹೋಯಿತು. ಶಾಲೆಯನ್ನು ನಡೆಸುತ್ತಿದ್ದವರು ದೊಡ್ಡ ಟೀಚರ್. ಸಣ್ಣ ಟೀಚರ್ ಒಬ್ಬರಿದ್ದರು ಎಂದಲ್ಲ. ಇಡೀ ಶಾಲೆಗೆ ಅವರೊಬ್ಬರೇ ಟೀಚರ್, ಒಂದೇ ಕೋಣೆ, ಹದಿನೈದು ಮಕ್ಕಳು. ಮುಂದಿನ ಬೀದಿಯಲ್ಲಿ ಜಾರುಬಂಡೆ ಇರುವ ದೊಡ್ಡ ನರ್ಸರಿ ಶುರುವಾದ ಮೇಲೆ ಇಲ್ಲಿ ಎಷ್ಟು ಮಕ್ಕಳು ಬಿಟ್ಟುಹೋದರೆ ಅಷ್ಟೇ ಬರುತ್ತಿದ್ದವು, ಹದಿನೈದು ದಾಟುತ್ತಿರಲಿಲ್ಲ. ದೊಡ್ಡ ಟೀಚರ್‌ಗೆ ಮಂಡಿ ನೋವು, ನೆಲದ ಮೇಲೆ ಕೂತರೆ ಏಳಲು ಆಗದು. ಅದಕ್ಕೇ ಅವರು ವ್ಯಾನ್ ಮಾಮನನ್ನು ಸಹಾಯಕ್ಕೆ ಇಟ್ಟುಕೊಂಡರು. ಅವನು ಮೂಗು ಒರೆಸಿದ, ಬೂಟು ಹಾಕಿದ, ಬಿದ್ದವರನ್ನು ಎತ್ತಿದ, ಎದ್ದವರನ್ನು ಮಲಗಿಸಿದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ವ್ಯಾನಿನ ಕಾಲದಲ್ಲೂ ನೋಡಿರಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದು ಬೆಳಗ್ಗೆ ನನ್ನ ಅಂಗಡಿಗೆ ದಪ್ಪ ಕನ್ನಡಕದ ಒಬ್ಬರು ಬಂದು ಒಂದು ಹಾಳೆಗೆ ನಲವತ್ತು ಪ್ರತಿ ಕೇಳಿದರು. ಮಿಷಿನ್ ತಿರುಗುತ್ತಿತ್ತು. ಬಣ್ಣದ ಕಾಗದ ಕೊಳ್ಳಲು ವ್ಯಾನ್ ಮಾಮನೂ ಬಂದ. ಪಕ್ಕದ ಇಸ್ತ್ರಿ ಅಂಗಡಿಯವನು ಕೆಂಡ ಊದುತ್ತಾ, "ವ್ಯಾನ್ ಹೋಯ್ತಂತಲ್ಲ, ಈಗೇನ್ ಮಾಡ್ಕೊಂಡಿದೀರಿ?" ಎಂದು ಕೇಳಿದ.

ಸಹಾಯಕ್ಕಿದ್ದೇನೆ ಎಂದಿದ್ದರೆ ಆಗುತ್ತಿತ್ತು. ವ್ಯಾನ್ ಮಾಮ ಅಂಗಿಯ ಕಾಲರು ಸರಿಮಾಡಿಕೊಂಡು, "ಟೀಚರಾಗಿದೀನಿ" ಎಂದ. "ಮಕ್ಕಳ ಶಿಕ್ಷಣ ಪೂರ್ತಿ ನನ್ ತಲೆ ಮೇಲೇ ಇದೆ. ದೊಡ್ಡ ಟೀಚರ್ ಸುಮ್ನೆ ಸಹಿ ಹಾಕ್ತಾರೆ."

ಕನ್ನಡಕ ಅವನ ಕಡೆ ತಿರುಗಿತು. "ತಮ್ಮ ಹತ್ರ ಯಾವ ಪ್ರಮಾಣಪತ್ರ ಇದೆ?"

"ಪ್ರಮಾಣಪತ್ರ ಯಾಕೆ ಸಾರ್, ಹನ್ನೊಂದು ವರ್ಷದ ಅನುಭವ ಇದೆ."

"ಅನುಭವಕ್ಕೆ ಕಾಲಂ ಇಲ್ಲ" ಎಂದರು ಅವರು, ಜೇಬಿನಿಂದ ಪುಸ್ತಕ ತೆಗೆದು ಏನೋ ಗುರುತು ಹಾಕಿಕೊಳ್ಳುತ್ತಾ.

ಬಾಯಿ ಬಿಟ್ಟರೆ ಬಣ್ಣಗೇಡು. ಅವರು ಇಲಾಖೆಗೆ ಹೊಸದಾಗಿ ಬಂದ ಪರಿವೀಕ್ಷಕರು. ಆಫೀಸಿನ ಮಿಷಿನ್ ಕೆಟ್ಟಿದ್ದರಿಂದ ಸುತ್ತೋಲೆಯನ್ನು ಪ್ರತಿ ಮಾಡಿಸಲು ತಾವೇ ಬಂದಿದ್ದರು. ಸುತ್ತೋಲೆಯಲ್ಲಿ ಹೀಗಿತ್ತು: ಆರು ವರ್ಷದೊಳಗಿನ ಮಕ್ಕಳಿರುವ ಕೋಣೆಯಲ್ಲಿ ಶಿಶುಶಿಕ್ಷಣ ಪ್ರಮಾಣಪತ್ರವಿಲ್ಲದ ಯಾವ ವಯಸ್ಕರೂ ಇರತಕ್ಕದ್ದಲ್ಲ. ನಾನು ನಲವತ್ತು ಪ್ರತಿ ಅವರಿಗೆ ಕೊಟ್ಟು, ನಲವತ್ತೊಂದನೆಯದನ್ನು ಷಡ್ಡಕನ ಕೈಗಿಟ್ಟೆ. ಕಷ್ಟಕಾಲದಲ್ಲಿ ಬಂಧುಗಳು ಇಷ್ಟಾದರೂ ಮಾಡಬೇಕು.

ಮಾರನೆಯ ದಿನವೇ ಪರಿವೀಕ್ಷಕರು ಶಾಲೆಗೆ ಬಂದರು. ಅವರು ಮಕ್ಕಳ ಅಳುವಿನ ಬಗ್ಗೆ ಮುನ್ನೂರು ಪುಟದ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ಅಳುವಿನಲ್ಲಿ ಏಳು ಬಗೆ ಉಂಟೆಂದು ಅವರು ಸಾಬೀತುಪಡಿಸಿದ್ದರು. ಒಳಗೆ ಕಾಲಿಟ್ಟಾಗ ಮೂಲೆಯಲ್ಲಿ ಒಂದು ಪುಟ್ಟ ಹುಡುಗಿ ಗಟ್ಟಿಯಾಗಿ ಅಳುತ್ತಿತ್ತು. ಪರಿವೀಕ್ಷಕರು ನಾಲ್ಕು ಹೆಜ್ಜೆ ದೂರದಲ್ಲೇ ನಿಂತು, ಕಿವಿಗೊಟ್ಟು ಕೇಳಿ, "ಇದು ಮೂರನೇ ಬಗೆ. ಗಮನ ಸೆಳೆಯುವ ಅಳು. ನಿರ್ಲಕ್ಷಿಸಬೇಕು" ಎಂದರು.

"ಬೂಟು ಎಡಬಲ ಆಗಿದೆ ಸಾರ್" ಎಂದು ವ್ಯಾನ್ ಮಾಮ ನೆಲದ ಮೇಲೆ ಕೂತು ಬೂಟು ಬದಲಾಯಿಸಿದ. ಅಳು ನಿಂತಿತು. ಪರಿವೀಕ್ಷಕರಿಗೆ ಇದು ಇಷ್ಟವಾಗಲಿಲ್ಲ. ವಿಜ್ಞಾನಕ್ಕೆ ಅಡ್ಡ ಬಂದವನ ಕಡೆ ನೋಡುವಂತೆ ನೋಡಿ, ಹೊಸ್ತಿಲಿನ ಹೊರಗೆ ಬೆರಳು ತೋರಿಸಿದರು.

ಅಲ್ಲಿಂದ ಮುಂದೆ ಎರಡು ವಾರ ನನ್ನ ಷಡ್ಡಕ ಹೊಸ್ತಿಲಿನ ಹೊರಗೆ ಒಂದು ಮಣೆ ಹಾಕಿಕೊಂಡು ಕೂತಿರುತ್ತಿದ್ದ. ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಾಗಿಲಿಗೆ ಬಂದು ಮೂಗನ್ನು ಹೊರಗೆ ಚಾಚುತ್ತಿದ್ದವು, ಅವನು ಒರೆಸಿ ಒಳಗೆ ಕಳಿಸುತ್ತಿದ್ದ. ಮೂಗು ಕೋಣೆಯಿಂದ ಹೊರಬಂದರೆ ನಿಯಮ ಮುರಿದ ಹಾಗಲ್ಲ ಎಂದು ದೊಡ್ಡ ಟೀಚರ್ ಸುತ್ತೋಲೆಯನ್ನು ಮೂರು ಸಲ ಓದಿ ಖಾತ್ರಿಮಾಡಿಕೊಂಡಿದ್ದರು. ಆದರೆ ಎಷ್ಟು ದಿನ ಹೀಗೆ? "ಅಣ್ಣ, ಆ ಕೋಣೆ ಒಳಗೆ ಹೋಗೋದಕ್ಕೆ ಏನಾದ್ರೂ ಮಾಡು" ಎಂದು ಅವನು ಒಂದು ಸಂಜೆ ಅಂಗಡಿಗೆ ಬಂದು ಕೂತ. "ನಂಗೆ ಬೇರೆ ಕೆಲಸ ಗೊತ್ತಿಲ್ಲ. ಬೇರೆ ಕೆಲಸ ಬೇಕಾಗೂ ಇಲ್ಲ."

ಶಿಶುಶಿಕ್ಷಣ ಪ್ರಮಾಣಪತ್ರಕ್ಕೆ ಒಂದು ವರ್ಷದ ಕೋರ್ಸ್ ಇತ್ತು. ಅದರ ವಿವರಪತ್ರ ಮತ್ತು ಅರ್ಜಿಯ ಪ್ರತಿ ನನ್ನ ಅಂಗಡಿಯಲ್ಲೇ ಇದ್ದವು. ನಾನೇ ಓದಿ, ನಾನೇ ತುಂಬಿಸಿ, ಅವನನ್ನು ಕರೆದುಕೊಂಡು ಕೋರ್ಸಿನ ಕಚೇರಿಗೆ ಹೋದೆ. ಕಿಟಕಿಯ ಒಳಗೆ ಕೂತ ಗುಮಾಸ್ತ ಅರ್ಜಿಯನ್ನು ಒಮ್ಮೆ ತಿರುಗಿಸಿ ಹಿಂದಕ್ಕೆ ತಳ್ಳಿದ.

"ಮೊದಲನೇ ಕಾಲಂ ಖಾಲಿ ಇದೆ. ಆರಂಭದಿಂದ ಎಲ್ಲಾ ಹಂತದ ದಾಖಲೆ ಬೇಕು. ಪೂರ್ವ ಪ್ರಾಥಮಿಕ ಎಲ್ಲಿ?"

"ನಾನು ನರ್ಸರಿಗೆ ಹೋಗಿಲ್ಲ ಸಾರ್. ನೇರ ಒಂದನೇ ಕ್ಲಾಸಿಗೆ ಸೇರಿಸಿದ್ರು" ಎಂದ ವ್ಯಾನ್ ಮಾಮ.

"ಅಂದ್ರೆ ಅಡಿಪಾಯ ಇಲ್ದೇ ಮನೆ ಕಟ್ಟಿದೀರಿ."

"ಕಟ್ಟಿ ನಲವತ್ತು ವರ್ಷ ಆಯ್ತು ಸಾರ್. ಬಿದ್ದಿಲ್ಲ."

"ಬಿದ್ದಿಲ್ಲ ಅನ್ನೋದಕ್ಕೆ ದಾಖಲೆ ಇದ್ಯಾ?"

ಅಂಥ ದಾಖಲೆ ನನ್ನ ಬಳಿಯೂ ಇರಲಿಲ್ಲ. "ಕಾಲಂ ಖಾಲಿ ಬಿಡೋಹಾಗಿಲ್ಲ" ಎಂದ ಗುಮಾಸ್ತ ಮುಂದಿನವರ ಕಡೆ ಕೈ ಚಾಚುತ್ತಾ. "ಹೋಗಿ ಓದ್ಕೊಂಡ್ ಬನ್ನಿ."

ಸಾಗಹಾಕಲು ಆಡಿದ ಮಾತು ಅದು. ಬೇರೆ ಯಾರಾದರೂ ಆಗಿದ್ದರೆ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರು. ವ್ಯಾನ್ ಮಾಮ ಮಾತ್ರ ಮೆಟ್ಟಿಲಿಳಿಯುತ್ತಾ, "ಅಣ್ಣ, ಸರ್ಕಾರದೋರೇ ಹೇಳಿದ್ಮೇಲೆ ಇನ್ನೇನು, ನಾಳೇನೇ ಸೇರ್ಕೋತೀನಿ" ಎಂದ. ತಡೆಯುವುದು ನನ್ನ ಕರ್ತವ್ಯವಾಗಿತ್ತು. ಆದರೆ ಇಪ್ಪತ್ತೆರಡು ವರ್ಷ ಜೆರಾಕ್ಸ್ ಮಾಡಿದವನಿಗೆ ಬದುಕಿನಲ್ಲಿ ಇಂಥ ಅವಕಾಶಗಳು ಎಷ್ಟು ಸಿಗುತ್ತವೆ?

ದೊಡ್ಡ ಟೀಚರ್ ನಗಲಿಲ್ಲ. ಕಪಾಟಿನಿಂದ ನಿಯಮದ ಪುಸ್ತಕ ತೆಗೆದರು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. "ಎರಡೂವರೆ ವರ್ಷ ತುಂಬಿರಬೇಕು ಅಂತಿದೆ. ತುಂಬಿದೆಯೇನಯ್ಯಾ?"

"ತುಂಬಿದೆ ಟೀಚರ್."

"ಹೆಚ್ಚೆಂದರೆ ಎಷ್ಟು ಅಂತ ಬರೆದಿಲ್ಲ" ಎಂದರು ಅವರು. ಬರೆದಿರಲಿಲ್ಲ, ಯಾಕೆಂದರೆ ಬರೆದವರಿಗೆ ನನ್ನ ಷಡ್ಡಕನ ಪರಿಚಯ ಇರಲಿಲ್ಲ. ಟೀಚರ್ ಕಣ್ಣಲ್ಲಿ ಒಂದು ಬೆಳಕು ಕಾಣಿಸಿತು. "ಸಹಾಯಕ್ಕೆ ಅಂತ ನೀನು ಒಳಗೆ ಬರೋಹಾಗಿಲ್ಲ. ಮಗುವಾಗಿ ಬಂದ್ರೆ ಯಾರೂ ತಡೆಯೋಹಾಗಿಲ್ಲ. ಪೋಷಕರನ್ನ ಕರ್ಕೊಂಡ್ ಬಾ."

ಅಲ್ಲೊಂದು ತೊಡಕು ಬಂತು. ಅವನ ತಂದೆತಾಯಿ ತೀರಿಕೊಂಡಿದ್ದರು. ಹೆಂಡತಿ ಸಹಿ ಹಾಕಬಹುದೇ ಎಂದರೆ, ಪೋಷಕರು ಮಗುವಿಗಿಂತ ಹಿರಿಯರಾಗಿರಬೇಕು ಎಂದಿತ್ತು. ನನ್ನ ನಾದಿನಿ ಮಗುವಿಗಿಂತ ಆರು ವರ್ಷ ಚಿಕ್ಕವಳು. ಪೋಷಕರ ಪಟ್ಟಿಯಲ್ಲಿ ಷಡ್ಡಕ ಎಂಬ ನಂಟೇ ಇರಲಿಲ್ಲ; ಉಳಿದವರು ಅತ್ತೆ ಒಬ್ಬರೇ. ಸುದ್ದಿಯನ್ನು ನಾನೇ ಹೋಗಿ ಮುಟ್ಟಿಸಿದೆ. ಅತ್ತೆ ಎಲ್ಲವನ್ನೂ ಕೇಳಿ, "ಡ್ರೈವರ್‌ಗೆ ಬುದ್ಧಿ ಬಂತು ಅಂತ ಹೇಳ್ತಿದೀರೋ, ಹೋಯ್ತು ಅಂತ ಹೇಳ್ತಿದೀರೋ?" ಎಂದರು. ಆದರೂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಓದು ಎಂದರೆ ಅವರಿಗೆ ಅಂಥ ಗೌರವ.

ಶಾಲೆಯಲ್ಲಿ ಕುರ್ಚಿಗಳೆಲ್ಲ ಮೊಣಕಾಲೆತ್ತರದವು. ಅತ್ತೆ ಒಂದರಲ್ಲಿ ಕೂತರು, ಅಳಿಯ ಪಕ್ಕದಲ್ಲಿ ಕೈಕಟ್ಟಿ ನಿಂತ. ದೊಡ್ಡ ಟೀಚರ್ ಅರ್ಜಿಯಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು.

"ಮಗು ತಾನಾಗಿಯೇ ಊಟ ಮಾಡುತ್ತದೆಯೇ?"

"ಬೇಡ ಅಂದ್ರೂ ಮಾಡತ್ತೆ."

"ಹಟ ಮಾಡುತ್ತದೆಯೇ?"

"ನನ್ ಮಗಳನ್ನ ಮದುವೆ ಆಗ್ತೀನಿ ಅಂತ ಬಾಗಿಲಲ್ಲಿ ಬಂದು ನಿಂತಾಗ್ಲೇ ಗೊತ್ತಾಯ್ತು."

"ಶೌಚದ ಅಭ್ಯಾಸ ಆಗಿದೆಯೇ?"

ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಂಬಿಕೆ ಮೇಲೆ ಹೌದು ಅಂತ ಬರ್ಕೊಳ್ಳಿ" ಎಂದು ಸಹಿ ಹಾಕಿದರು.

ಸಮವಸ್ತ್ರ ಹೊಲಿಸಲು ನಾನೇ ಕರೆದೊಯ್ದೆ. ದರ್ಜಿ, "ಮಗೂನ ಅಳತೆ ತಂದಿದೀರಾ?" ಎಂದ. ಮಗುವೇ ಬಂದಿದೆ ಎಂದೆ. ಅವನು ಕೌಂಟರಿನ ಆಚೆ ಬಗ್ಗಿ ಕೆಳಗೆಲ್ಲ ಹುಡುಕಿದ. ಮೇಲೆ ನೋಡಿ ಎಂದೆ; ನೋಡಿ, ಟೇಪನ್ನು ಒಮ್ಮೆ ಕೊರಳಿಗೆ ಹಾಕಿಕೊಂಡ, ಮತ್ತೆ ತೆಗೆದ. ಕೊನೆಗೆ ವೃತ್ತಿಯ ಅಭ್ಯಾಸವೇ ಗೆದ್ದಿತು. "ಬೆಳೆಯೋ ಮಗು, ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರ್ತೀನಿ" ಎಂದ.

ಓದಲು ಬಾರದ ಮಕ್ಕಳಿಗೆಂದು ಆ ಕೋಣೆಯಲ್ಲಿ ಚೀಲ ನೇತುಹಾಕುವ ಪ್ರತಿ ಗೂಟದ ಮೇಲೂ ಒಂದೊಂದು ಚಿತ್ರವಿತ್ತು. ಬಾತು, ಮೊಲ, ಮೀನು, ಛತ್ರಿ, ಎಲ್ಲ ಹಂಚಿಹೋಗಿದ್ದವು. ಉಳಿದದ್ದು ಬಕೆಟ್. ಹೀಗೆ ನನ್ನ ಷಡ್ಡಕ ಹಾಜರಿ ಪುಸ್ತಕದಲ್ಲಿ ಹದಿನಾರನೆಯವನೂ ಗೂಟದಲ್ಲಿ ಬಕೆಟ್ಟೂ ಆದ. ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ವ್ಯಾನ್ ಮಾಮ ಇಷ್ಟು ದಿನ ಹೊರಗೆ ಕೂತಿದ್ದನಲ್ಲ, ಅದು ಮಾತ್ರ ಅವಕ್ಕೆ ಅರ್ಥವಾಗಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗುವ ಹೊತ್ತಿನಲ್ಲಿ ಅವನೂ ಚಾಪೆಯ ಮೇಲೆ ಮಲಗಬೇಕಾಗಿತ್ತು. ಮೊದಲ ದಿನ ಅವನ ಗೊರಕೆಗೆ ಹದಿನೈದು ಮಕ್ಕಳೂ ಎದ್ದು ಸುತ್ತ ಕೂತು, ವ್ಯಾನ್ ಮತ್ತೆ ಬಂತು ಎಂದು ಚಪ್ಪಾಳೆ ಹೊಡೆದವಂತೆ.

ತಿಂಗಳ ಕೊನೆಗೆ ಪರಿವೀಕ್ಷಕರು ಬಂದರು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವಂತೆ, ಹೊರಗೆ ಹಾಕಿದವನು ಎರಡನೇ ಸಾಲಿನಲ್ಲಿ ಚೌಕಳಿ ಅಂಗಿ ಹಾಕಿಕೊಂಡು ಎಲೆಗೆ ಹಸಿರು ಬಣ್ಣ ಬಳಿಯುತ್ತಿದ್ದಾನೆ. ದೊಡ್ಡ ಟೀಚರ್ ದಾಖಲಾತಿ ಪುಸ್ತಕವನ್ನು ಮುಂದಿಟ್ಟರು. ಪರಿವೀಕ್ಷಕರು ಎಲ್ಲ ಕಾಲಮ್ಮುಗಳನ್ನೂ ನೋಡಿದರು. ಒಂದೂ ಖಾಲಿ ಇರಲಿಲ್ಲ. ತಪ್ಪು ಹುಡುಕಲಾರದೆ ಅವರು ಮಕ್ಕಳ ತಲೆ ಎಣಿಸಿದರು.

"ಹದಿನಾರು" ಎಂದರು. "ಹದಿನೈದಕ್ಕಿಂತ ಒಂದು ಮಗು ಹೆಚ್ಚಾದ್ರೂ ಎರಡನೇ ಟೀಚರ್ ಕಡ್ಡಾಯ."

"ಆ ಹೆಚ್ಚಾದ ಮಗು ಇವನೇ ಸಾರ್."

"ಯಾರಾದ್ರೇನು, ದಾಖಲಾದ ಮೇಲೆ ಮಗು. ಅದಕ್ಕೆ ರಕ್ಷಣೆ ಬೇಕು. ಸಂಬಳ ಇಲಾಖೆ ಕೊಡುತ್ತೆ, ಅರ್ಹರನ್ನ ನೇಮಿಸಿ."

"ಅರ್ಹರೆಲ್ಲ ಜಾರುಬಂಡೆ ಇರೋ ಕಡೆ ಹೋಗ್ತಾರೆ ಸಾರ್, ಇಲ್ಲಿಗೆ ಬರಲ್ಲ."

"ಹಾಗಾದ್ರೆ ನಿಯಮ ಹನ್ನೆರಡು" ಎಂದು ಪರಿವೀಕ್ಷಕರು ಕಣ್ಣು ಮುಚ್ಚಿ ಹೇಳಿದರು. "ಅರ್ಹರು ಸಿಗದೇ ಹೋದಾಗ, ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ವ್ಯಾಸಂಗ ಮಾಡ್ತಿರೋ ಹದಿನೆಂಟು ದಾಟಿದವರನ್ನ, ವ್ಯಾಸಂಗ ಮುಗಿಯೋವರೆಗೆ ತಾತ್ಕಾಲಿಕವಾಗಿ ನೇಮಿಸಬಹುದು."

ದೊಡ್ಡ ಟೀಚರ್ ಸೆರಗು ಸರಿಮಾಡಿಕೊಂಡರು. "ನಮ್ಮ ಶಾಲೆಗೆ ಮಾನ್ಯತೆ ಇದ್ಯಲ್ವಾ ಸಾರ್?"

"ಇದೆ. ಈ ವರ್ಷದ್ದಕ್ಕೆ ನಾನೇ ಸಹಿ ಹಾಕಿದೀನಿ."

"ಇವನಿಗೆ ಹದಿನೆಂಟು ದಾಟಿದೆಯಲ್ವಾ?"

"ಕಾಣುತ್ತೆ."

"ಇಲ್ಲೇ ವ್ಯಾಸಂಗ ಮಾಡ್ತಿದಾನಲ್ವಾ?"

ಪರಿವೀಕ್ಷಕರು ಕಣ್ಣು ತೆರೆದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ವ್ಯಾಸಂಗ ಎಲ್ಲಿ, ಯಾವ ತರಗತಿಯಲ್ಲಿ ಎಂದು ನಿಯಮದಲ್ಲಿ ಬರೆದಿರಲಿಲ್ಲ. ಬರೆಯದೇ ಇದ್ದದ್ದನ್ನು ಓದುವ ಪೈಕಿಯವರು ಅವರಲ್ಲ. ಸಹಿ ಹಾಕಿದರು. ಹೀಗೆ ಹದಿನಾರನೇ ಮಗುವನ್ನು ನೋಡಿಕೊಳ್ಳಲು ಹದಿನಾರನೇ ಮಗುವಿನ ನೇಮಕವಾಯಿತು. ತನ್ನನ್ನು ತಾನು ನೋಡಿಕೊಳ್ಳಲು ಅವನಿಗೆ ಇಲಾಖೆಯಿಂದ ಸಂಬಳ. ನಾವೆಲ್ಲ ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದೇವೆ. ಬೆಳಗ್ಗೆ ಬಂದವನು ಮಕ್ಕಳ ಹಾಜರಿ ಕೂಗುವಾಗ ಎದ್ದು ನಿಂತು 'ಹಾಜರ್ ಟೀಚರ್' ಎನ್ನುತ್ತಿದ್ದ, ಆಮೇಲೆ ಮೇಜಿನ ಹತ್ತಿರ ಹೋಗಿ ಟೀಚರುಗಳ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದ.

ನಮ್ಮ ಬೀದಿ ಇದನ್ನು ಸುಲಭವಾಗಿ ಜೀರ್ಣಿಸಿಕೊಳ್ಳಲಿಲ್ಲ. ಇಸ್ತ್ರಿಯವನು ಚೌಕಳಿ ಅಂಗಿಗೆ ದೊಡ್ಡವರ ದರ ಹಾಕಬೇಕೋ ಮಕ್ಕಳ ದರ ಹಾಕಬೇಕೋ ಎಂದು ನನ್ನನ್ನು ಕೇಳಿದ. ಎದುರುಮನೆಯಾಕೆ ತನ್ನ ಮಗ ಲೆಕ್ಕದಲ್ಲಿ ಹಿಂದೆ ಬಿದ್ದಾಗ, "ನೋಡು, ಆ ಮಾಮ ಈ ವಯಸ್ಸಲ್ಲೂ ಹೇಗೆ ಓದ್ತಾರೆ" ಎನ್ನತೊಡಗಿದಳು. ಅತ್ತೆಯಲ್ಲಿ ಆದ ಬದಲಾವಣೆ ಮಾತ್ರ ನನ್ನನ್ನು ಚಿಂತೆಗೀಡು ಮಾಡಿತು. ಪೋಷಕರು ಎಂದು ಒಮ್ಮೆ ಸಹಿ ಹಾಕಿದ ಮೇಲೆ ಆ ಹುದ್ದೆಯನ್ನು ಅವರು ಗಂಭೀರವಾಗಿ ತೆಗೆದುಕೊಂಡಿದ್ದರು. ಸಂಜೆ ಅಳಿಯನನ್ನು ಮುಂದೆ ಕೂರಿಸಿಕೊಂಡು ಹೋಂವರ್ಕ್ ಮಾಡಿಸುತ್ತಿದ್ದರು. "ಗೆರೆ ಒಳಗೆ ಬಣ್ಣ ಹಾಕು ಡ್ರೈವರ್, ರೋಡಲ್ಲೂ ಹೀಗೇ ಓಡಿಸ್ತಿದ್ಯಾ?" ಎಂಬ ಅವರ ದನಿ ಬೀದಿಯ ತಿರುವಿನವರೆಗೆ ಕೇಳುತ್ತಿತ್ತು.

ಪೋಷಕರ ಸಭೆಯಲ್ಲಂತೂ ಅವರು ಜಗಳವನ್ನೇ ತೆಗೆದರು. ದೊಡ್ಡ ಟೀಚರ್, ಬಕೆಟ್ಟಿನ ಗಮನ ಅತ್ತಿತ್ತ ಹರಿಯುತ್ತದೆ ಎಂದಷ್ಟೇ ಹೇಳಿದ್ದರು. ಅತ್ತೆ ಆ ಮೊಣಕಾಲೆತ್ತರದ ಕುರ್ಚಿಯಿಂದಲೇ ಎದ್ದು ನಿಂತು, "ಪಕ್ಕದಲ್ಲಿ ಕೂತಿರೋ ಆ ಮೊಲದ ಹುಡುಗ ಸುಮ್ನಿರಲ್ಲ, ಮಾತಾಡಿಸ್ತಾನೇ ಇರ್ತಾನೆ. ನಮ್ಮೋನು ಸ್ವಭಾವತಃ ಮೆತ್ತಗೆ. ಜಾಗ ಬದಲಾಯ್ಸಿ" ಎಂದರು. ಮೊಲದ ತಾಯಿ, ನಿಮ್ಮವರೇ ನಮ್ಮ ಮಗುವಿಗೆ ಬಸ್ಸಿನ ಹಾರನ್ ಊದುವುದು ಕಲಿಸಿದ್ದಾರೆ ಎಂದಳು. ಮಾತಿಗೆ ಮಾತು ಬೆಳೆಯಿತು. ಆ ದಿನ ಮನೆಗೆ ಬಂದು ಅತ್ತೆ ನನ್ನ ಚೌಕಟ್ಟಿನ ಕಡೆ ಒಂದು ಸಲವೂ ನೋಡಲಿಲ್ಲ. ಅಳಿಯ ಅಲ್ಲ, ಮಗಳ ಗಂಡ ಎಂದು ಗಾದೆ ಇದೆ. ನಾನು ಯಾವುದು, ಅವನು ಯಾವುದು ಎಂಬ ಅನುಮಾನ ನನಗೆ ಮೊದಲ ಬಾರಿ ಬಂತು.

ವರ್ಷ ಮುಗಿಯಿತು. ಪ್ರಕರಣ ವಿಶೇಷವಾದ್ದರಿಂದ ಹದಿನಾರನೇ ಮಗುವಿನ ಪ್ರಗತಿ ಪತ್ರವನ್ನು ಪರಿವೀಕ್ಷಕರು ತಾವೇ ಬಂದು ತುಂಬುವುದೆಂದಾಯಿತು. ಪೋಷಕರಾಗಿ ಅತ್ತೆ, ಪೋಷಕರ ಜೊತೆಗೆ ನಾನು ಹೋದೆವು. ಪತ್ರದಲ್ಲಿ ಹದಿನಾಲ್ಕು ಕಾಲಂ. ವ್ಯಾನ್ ಮಾಮ ಹತ್ತರವರೆಗೆ ಎಣಿಸಿದ, ಒಂಟಿಕಾಲಲ್ಲಿ ಕುಂಟಿದ, ನೀಲಿ ಯಾವುದು ಹಳದಿ ಯಾವುದು ಹೇಳಿದ, ಬೂಟಿನ ದಾರ ಬಿಗಿದ. ನಡುವೆ ತ್ರಿಕೋನ ತೋರಿಸು ಎಂದಾಗ ಗಾಬರಿಯಲ್ಲಿ ಚೌಕದ ಮೇಲೆ ಕೈ ಇಟ್ಟ. ಹಿಂದಿನಿಂದ ಹದಿನೈದು ಮಕ್ಕಳು ಒಟ್ಟಿಗೆ ಕೆಮ್ಮಿದವು, ಅವನು ಕೈ ಬದಲಾಯಿಸಿದ. ಹದಿಮೂರು ಕಾಲಮ್ಮಿನಲ್ಲಿ ಹದಿಮೂರು ಸರಿ. ಅತ್ತೆ ನನ್ನ ಕಡೆ ತಿರುಗಿ, "ನಿಮ್ದು ಎರಡನೇ ದರ್ಜೆ ಅಲ್ವಾ?" ಎಂದರು.

ಪರಿವೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ಒಂದನೇ ತರಗತಿಗೆ ಅರ್ಹ. ಅಭಿನಂದನೆ. ಇವತ್ತಿಗೆ ತಮ್ಮ ವ್ಯಾಸಂಗ ಮುಗೀತು. ಇನ್ನು ಕೋಣೆಯಲ್ಲಿ ಹದಿನೈದೇ ಮಕ್ಕಳು, ಹಾಗಾಗಿ ಎರಡನೇ ಟೀಚರ್ ಹುದ್ದೆ ರದ್ದು."

"ಪರವಾಗಿಲ್ಲ ಸಾರ್" ಎಂದ ವ್ಯಾನ್ ಮಾಮ, ಪಾಸಾದ ಸಂತೋಷದಲ್ಲಿ. "ಈಗ ಆ ಕಾಲಂ ತುಂಬಿತಲ್ಲ, ಕೋರ್ಸಿಗೆ ಸೇರ್ತೀನಿ. ಮುಗಿಸ್ಕೊಂಡು ಪ್ರಮಾಣಪತ್ರ ತಗೊಂಡೇ ಬರ್ತೀನಿ."

"ವಯಸ್ಸೆಷ್ಟು?"

"ಹೋದ ತಿಂಗಳಿಗೆ ನಲವತ್ತಾರು."

"ಕೋರ್ಸಿಗೆ ಮಿತಿ ನಲವತ್ತೈದು. ವಿವರಪತ್ರದ ಕೊನೇ ಎರಡು ಸಾಲು ಓದ್ಲಿಲ್ವಾ?"

ವ್ಯಾನ್ ಮಾಮ ನನ್ನ ಕಡೆ ನೋಡಿದ. ಅತ್ತೆ ನೋಡಿದರು. ದೊಡ್ಡ ಟೀಚರ್ ನೋಡಿದರು. ನಾನು ಸೂರು ನೋಡಿದೆ. ಸೂರಿನಲ್ಲಿ ಮಕ್ಕಳು ಕಾಗದದ ಮೀನುಗಳನ್ನು ನೇತುಹಾಕಿದ್ದವು, ಚೆನ್ನಾಗಿದ್ದವು.

"ಹಾಗಾದ್ರೆ ನಾನು?" ಎಂದ ಅವನು.

"ಹೊಸ್ತಿಲಿನ ಹೊರಗೆ" ಎಂದರು ಪರಿವೀಕ್ಷಕರು. ಕೆಟ್ಟದಾಗಿ ಹೇಳಲಿಲ್ಲ. ಅಷ್ಟು ಸ್ಪಷ್ಟವಾದ ವಿಷಯಕ್ಕೆ ಕೆಟ್ಟ ದನಿ ಬೇಕಾಗಲೂ ಇಲ್ಲ.

ಅವನು ವಾದ ಮಾಡಲಿಲ್ಲ. ಗೂಟದ ಹತ್ತಿರ ಹೋಗಿ ಬಕೆಟ್ಟಿನ ಚಿತ್ರದ ಕೆಳಗಿಂದ ತನ್ನ ಚೀಲ ತೆಗೆದುಕೊಂಡ. ಮಕ್ಕಳ ಬೂಟುಗಳ ಸಾಲಿನಲ್ಲಿ ತನ್ನ ಬೂಟು ಹುಡುಕಿ, ನೆಲದ ಮೇಲೆ ಕೂತು ಹಾಕಿಕೊಳ್ಳತೊಡಗಿದ. ಮೂಲೆಯ ಆ ಪುಟ್ಟ ಹುಡುಗಿ ಅವನ ಮುಂದೆ ಬಂದು ನಿಂತು, "ಮಾಮ, ನಾಳೆ ಬರ್ತೀಯಲ್ಲ?" ಎಂದಿತು. ಅವನು ತಲೆ ಬಗ್ಗಿಸಿ ದಾರ ಎಳೆಯುತ್ತಲೇ ಇದ್ದ, ಭುಜ ಅಲುಗುತ್ತಿತ್ತು. ಹನ್ನೊಂದು ವರ್ಷ ನೂರಾರು ಮಕ್ಕಳ ಕಣ್ಣೊರೆಸಿದವನು ತನ್ನ ಕಣ್ಣೊರೆಸಿಕೊಳ್ಳಲು ತಿಳಿಯದೆ ಕೂತಿದ್ದ. ನನಗೆ ನಿಜವಾಗಿ ನಾಚಿಕೆಯಾಯಿತು. ಒಂದು ಮಿಷಿನ್ ರಿಪೇರಿ ಮಾಡಿಸದವನ ಸೋಮಾರಿತನಕ್ಕೆ ಒಬ್ಬ ಮನುಷ್ಯನ ಬದುಕು ಬೀದಿಗೆ ಬಂದಿತ್ತು.

ಆಗ ದೊಡ್ಡ ಟೀಚರ್ ಮೆಲ್ಲನೆ, "ಸಾರ್, ಹದಿನಾಲ್ಕನೇ ಕಾಲಂ ಖಾಲಿ ಇದೆ. ಖಾಲಿ ಬಿಡೋಹಾಗಿಲ್ಲ" ಎಂದರು.

ಪರಿವೀಕ್ಷಕರು ಪತ್ರ ನೋಡಿದರು. ಹದಿನಾಲ್ಕು: ಬಿಟ್ಟುಹೋಗುವಾಗ ಅಳುತ್ತದೆಯೇ? ದೊಡ್ಡವನೆಂದು ಅದನ್ನು ಕೇಳದೆ ಬಿಟ್ಟಿದ್ದರು. ಈಗ ಎದ್ದು ಅವನ ಹತ್ತಿರ ಬಂದರು. ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಲಿಲ್ಲ, ಪ್ಯಾಂಟು ಮೇಲೆಳೆದುಕೊಂಡು ಅವನ ಎದುರು ನೆಲದ ಮೇಲೇ ಕೂತರು. ಬಹಳ ಹೊತ್ತು ಅವನ ಮುಖ ನೋಡಿದರು.

"ಏಳನೇ ಬಗೆ" ಎಂದರು, ದನಿ ಸಣ್ಣದಾಗಿತ್ತು. "ಅಗಲಿಕೆಯ ಅಳು. ಅರವತ್ತು ಪುಟ ಬರೆದಿದೀನಿ. ನೋಡಿದ್ದು ಇವತ್ತೇ."

"ಅಲ್ಲ" ಎಂದಿತು ಪುಟ್ಟ ಹುಡುಗಿ. "ಬೂಟು ಎಡಬಲ ಆಗಿದೆ."

ನೋಡಿದರೆ ಹೌದು, ಎಡಬಲ ಆಗಿತ್ತು. ಪರಿವೀಕ್ಷಕರು ತಾವೇ ಆ ಬೂಟುಗಳನ್ನು ಬಿಚ್ಚಿ ಬದಲಾಯಿಸಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಬರೆಯುತ್ತಾ ಗಟ್ಟಿಯಾಗಿ ಓದಿದರು: "ಮಗು ಬಿಟ್ಟುಹೋಗುವಾಗ ಅಳುತ್ತದೆ. ಒಂದನೇ ತರಗತಿಗೆ ಇನ್ನೂ ಸಿದ್ಧವಿಲ್ಲ. ಪೋಷಕರು ಒಪ್ಪಿದಲ್ಲಿ ಇನ್ನೊಂದು ವರ್ಷ ಇಲ್ಲಿಯೇ ಮುಂದುವರಿಸತಕ್ಕದ್ದು." ಪತ್ರವನ್ನು ಅತ್ತೆಯ ಮುಂದೆ ಹಿಡಿದರು. "ಒಪ್ಪಿಗೆ ಇದ್ಯಾ?"

ಅತ್ತೆ ಪೆನ್ನು ತೆಗೆದುಕೊಂಡರು. ನೆಲದ ಮೇಲೆ ಕೂತವನನ್ನು ಒಮ್ಮೆ ನೋಡಿದರು, ಮೂಗು ಏರಿಸಿಕೊಂಡರು. "ನಮ್ ಹುಡುಗ ಇನ್ನೂ ಚಿಕ್ಕೋನು ಸಾರ್. ಏನವಸರ, ಇನ್ನೊಂದ್ ವರ್ಷ ಇರ್ಲಿ" ಎಂದು ಸಹಿ ಹಾಕಿದರು.

ಇದು ನಡೆದು ಮೂರು ವರ್ಷವಾಯಿತು. ನನ್ನ ಷಡ್ಡಕ ಪ್ರತಿ ವರ್ಷವೂ ತಪ್ಪದೆ ಅಳುತ್ತಾನೆ, ತಪ್ಪದೆ ನಪಾಸಾಗುತ್ತಾನೆ, ತಪ್ಪದೆ ಸಂಬಳ ತರುತ್ತಾನೆ. ಪರಿವೀಕ್ಷಕರು ಆಗಾಗ ಬಂದು ನೆಲದ ಮೇಲೆ ಕೂತು ಬೂಟು ಹಾಕುವುದನ್ನು ಕಲಿಯುತ್ತಿದ್ದಾರಂತೆ. ನಾನು ಮಿಷಿನ್ ರಿಪೇರಿ ಮಾಡಿಸಿದ್ದೇನೆ.

ಮೊನ್ನೆ ಅತ್ತೆ ಅಂಗಡಿಗೆ ಬಂದರು. ಕೈಯಲ್ಲಿ ಈ ವರ್ಷದ ಪ್ರಗತಿ ಪತ್ರ. ಕೆಳಗೆ ದಪ್ಪ ಅಕ್ಷರದಲ್ಲಿ 'ಅನುತ್ತೀರ್ಣ' ಎಂದಿತ್ತು.

"ಇದಕ್ಕೆ ಪ್ಲಾಸ್ಟಿಕ್ ಹಾಕಿಸ್ಕೊಡಿ" ಎಂದರು. "ಅಂಚು ಸ್ವಲ್ಪ ಕತ್ತರಿಸ್ಬೇಕಾಗ್ಬೋದು. ಚೌಕಟ್ಟಿಗೆ ಕೂರ್ಬೇಕು."

"ಯಾವ ಚೌಕಟ್ಟು ಅತ್ತೆ?"

"ನಡುಮನೇಲಿ ಇದ್ಯಲ್ಲ" ಎಂದರು ಅವರು, ಚೀಲದಿಂದ ಸುರುಳಿ ಸುತ್ತಿದ ಒಂದು ಹಳೆಯ ಹಾಳೆಯನ್ನು ತೆಗೆದು ಮೇಜಿನ ಮೇಲಿಡುತ್ತಾ. "ಅದರೊಳಗಿದ್ದಿದ್ದು ಇದು. ಹಿಂದ್ಗಡೆ ಖಾಲಿ ಇದೆ, ನಿಮಗೇನಾದ್ರೂ ಬರ್ಕೊಳ್ಳೋಕಾಗತ್ತೆ."

ನಾನು ಅಂಚು ಕತ್ತರಿಸಿದೆ. ಸರಿಯಾಗಿ ಕೂತಿತು.